ಮೊದಲು ಖಾಲಿ ಬ್ರಾಕೆಟ್, ಆಮೇಲೆ ಬೆಲೆ

ಗದಗಿನ ನಮ್ಮ ಮನೆಯಲ್ಲಿ ಎಂಟನೇ ತರಗತಿಯ ಮಗಳು ವಾರವಿಡೀ ಒಂದೇ ಥರದ ಲೆಕ್ಕ ತಪ್ಪುತ್ತಿದ್ದಳು. ಎಕ್ಸ್ = −3 ಆದರೆ 2ಎಕ್ಸ್² + 5 ಎಷ್ಟು? ಒಮ್ಮೆ 41, ಇನ್ನೊಮ್ಮೆ −13. ನೋಟ್‌ಬುಕ್ ತೆಗೆದು ಸಾಲು ಸಾಲಾಗಿ ನೋಡಿದೆ. 41 ಬಂದಾಗ ಮೊದಲು 2ರಿಂದ ಗುಣಿಸಿ, ಆಮೇಲೆ ವರ್ಗ ಮಾಡಿದ್ದಳು. −13 ಬಂದಾಗ ಸುಮ್ನೆ −3² ಎಂದು ಬರೆದಿದ್ದಳು. ಹಾಗೆ ಬರೆದರೆ ವರ್ಗ 3ಕ್ಕೆ ಮಾತ್ರ, ಮೈನಸ್ ಹೊರಗೇ ಉಳಿಯುತ್ತದೆ, −9 ಬರಲೇಬೇಕು ಅಲ್ವಾ? ತಪ್ಪು ಗುಣಾಕಾರದಲ್ಲಿ ಇರಲಿಲ್ಲ, ಬರೆಯುವುದರಲ್ಲಿ ಇತ್ತು.

ಎಕ್ಸ್ ಇದ್ದಲ್ಲಿ ಖಾಲಿ ಬ್ರಾಕೆಟ್ ಬರೆಸಿದೆ: 2( )² + 5. ನಂತರ ಒಳಗೆ −3. ವರ್ಗ ಬ್ರಾಕೆಟ್ಟಿಗೆ ಅಂಟಿದೆ, 2ಕ್ಕೆ ಅಲ್ಲ ಎನ್ನುವುದು ಕಣ್ಣಿಗೇ ಕಂಡಿತು. (−3) × (−3) = 9, ಎರಡು ಪಟ್ಟು 18, ಐದು ಕೂಡಿಸಿ 23. ಮುಂದಿನ ಲೆಕ್ಕಕ್ಕೆ ಅವಳೇ ಮೊದಲು ಬ್ರಾಕೆಟ್ ಬರೆದಳು.