ಲಕ್ಕುಂಡಿಗೆ ಒಂದು ಮುಂಜಾನೆ ಪೂರ್ತಿ ಕೊಡಿ

ಹುಬ್ಬಳ್ಳಿಯಿಂದ ಗದಗ ಸುಮಾರು 60 ಕಿಲೋಮೀಟರ್, ಅಲ್ಲಿಂದ ಹಳೇ ಗುಡಿಗಳ ಊರು ಲಕ್ಕುಂಡಿ ಹನ್ನೆರಡು. ಇಷ್ಟು ಹತ್ತಿರ ಇದೆಯಲ್ಲ, ಇಟಗಿ, ಲಕ್ಷ್ಮೇಶ್ವರ ಎಲ್ಲ ಸೇರಿಸಿಬಿಡೋಣ ಅನಿಸುತ್ತದೆ. ನಾನು ಸೇರಿಸಲಿಲ್ಲ. ಮೊಣಕಾಲು ನೋವಿನ ಅವ್ವ, ಐದನೇ ಕ್ಲಾಸಿನ ಮಗಳು ಜೊತೆಗಿದ್ದಾಗ ಗುಡಿ ಕಡಿಮೆ, ಹೊತ್ತು ಜಾಸ್ತಿ ಇರಬೇಕು.

ಶನಿವಾರ ನಸುಕಿಗೇ ಹೊರಟೆವು. ಹನ್ನೊಂದು ದಾಟಿದರೆ ಗುಡಿಯ ಕಲ್ಲುಹಾಸು ಹೆಂಚಿನಂತೆ ಕಾಯುತ್ತದೆ. ಚಪ್ಪಲಿ ಹೊರಗೇ ಬಿಡಬೇಕು, ಹಾಗಾಗಿ ಎಲ್ಲರಿಗೂ ಹಳೇ ಸಾಕ್ಸ್ ಇಟ್ಟುಕೊಂಡಿದ್ದೆ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು.

ಮೊದಲು ಕಾಶಿವಿಶ್ವೇಶ್ವರ. ಶಿವನ ಗುಡಿ, ಸೂರ್ಯನ ಗುಡಿ ಎದುರುಬದುರು ನಿಂತಿವೆ. ನಡುವಿನ ಜಗುಲಿಯಲ್ಲಿ ಅವ್ವ ಕೂತುಬಿಟ್ಟಳು. "ನಾ ಇಲ್ಲೇ ಕುಂದರತೀನಿ, ನೀವು ನೋಡ್ಕೊಂಡ ಬರ್ರಿ" ಅಂದಳು. ಬಾಗಿಲವಾಡದ ಕೆತ್ತನೆ ಪಟ್ಟಿ ಪಟ್ಟಿಯಾಗಿ ಇದೆ. ಒಳಗೆ ಕತ್ತಲು. ಮೊಬೈಲ್ ಟಾರ್ಚನ್ನು ಎದುರಿನಿಂದ ಹಿಡಿದರೆ ಎಲ್ಲ ಬೆಳ್ಳಗೆ, ಸಪಾಟು. ಪಕ್ಕದಿಂದ, ಗೋಡೆಗೆ ಒತ್ತಿದಂತೆ ಹಿಡಿಯಿರಿ. ಬಳ್ಳಿಯ ಸುರುಳಿ, ಅದರೊಳಗಿನ ಪುಟ್ಟ ಆಕೃತಿಗಳು ನೆರಳಿನ ಸಮೇತ ಎದ್ದು ಬರುತ್ತವೆ. ಐಹೊಳೆಯದು ಮರಳುಗಲ್ಲು. ಇಲ್ಲಿನದು ಮೆದು ಬಳಪದ ಕಲ್ಲು. ಉಳಿಗೆ ಸಲೀಸಾಗಿ ಬಗ್ಗುವುದರಿಂದಲೇ ಇಷ್ಟು ಸಣ್ಣ ಕೆಲಸ ಸಾಧ್ಯವಾಗಿದೆ.

ಬ್ರಹ್ಮ ಜಿನಾಲಯ ಅತ್ತಿಮಬ್ಬೆ 1007ರ ಹೊತ್ತಿಗೆ ಕಟ್ಟಿಸಿದ ಬಸದಿ. ಇಸವಿ ಹೇಳಿದರೆ ಮಕ್ಕಳು ಆಕಳಿಸುತ್ತವೆ. ಪೊನ್ನನ ಶಾಂತಿಪುರಾಣವನ್ನು ಆಕೆ ಸಾವಿರ ಪ್ರತಿ ಬರೆಸಿ ಹಂಚಿದಳು ಅಂದೆ. "ಸಾವಿರಾನೂ ಕೈಯಾಗ ಬರದ್ರಾ?" ಅಂತ ಮಗಳು ನಿಂತುಬಿಟ್ಟಳು. ಒಳಗಿನ ನಾಲ್ಕು ಮುಖದ ಬ್ರಹ್ಮನನ್ನು ಅವಳೇ ಹುಡುಕಿದಳು. ಮುಸುಕಿನ ಬಾವಿ ಹತ್ತಿರ ಮಾತ್ರ ಅವಳ ಕೈ ಬಿಡಲಿಲ್ಲ, ಮೆಟ್ಟಿಲು ಕಡಿದಾಗಿವೆ.

ಊಟ, ನಿದ್ದೆ, ವಸ್ತಿ ಎಲ್ಲ ಗದಗದಲ್ಲಿ. ಸಂಜೆ ಮಿರ್ಚಿ ಭಜಿ, ಅದನ್ನು ಬಿಟ್ಟು ಬರುವುದುಂಟಾ!

ಭಾನುವಾರ ಬೆಳಿಗ್ಗೆ ಗದಗದ್ದೇ ವೀರನಾರಾಯಣ ಗುಡಿಗೆ ಹೋದೆವು. ಪೂಜೆ ನಡೆಯುವ ಗುಡಿಗಳಿಗೆ ಮಧ್ಯಾಹ್ನ ಬಾಗಿಲು ಹಾಕುವುದುಂಟು, ಅವನ್ನು ಬೆಳಿಗ್ಗೆಗೇ ಇಟ್ಟುಕೊಳ್ಳಿ. ಕುಮಾರವ್ಯಾಸ ಭಾರತ ಬರೆದದ್ದು ಇಲ್ಲೇ ಕಂಬಕ್ಕೆ ಒರಗಿ ಕೂತು ಅನ್ನುತ್ತಾರೆ. ಅವ್ವ ಆ ಕಂಬದ ಹತ್ತಿರವೇ ಹೆಚ್ಚು ಹೊತ್ತು ಕಳೆದಳು. ಅದೇ ಊರಿನ ತ್ರಿಕೂಟೇಶ್ವರ ಗುಡಿಯ ಆವರಣದಲ್ಲಿ ಸರಸ್ವತಿ ಗುಡಿಯ ಕಂಬಗಳನ್ನಷ್ಟೇ ನಿಧಾನವಾಗಿ ನೋಡಿದೆವು.

ಕೊನೆಗೆ ಡಂಬಳ ಊರಿನ ದೊಡ್ಡಬಸಪ್ಪ ಗುಡಿ. ಗರ್ಭಗುಡಿಯ ತಳ 24 ಮೂಲೆಯ ನಕ್ಷತ್ರ. ಮಗಳಿಗೆ ಎಣಿಸಲು ಹಚ್ಚಿದೆ. ಶುರು ಮಾಡುವ ಕಡೆ ನೀರಿನ ಬಾಟಲಿ ಇಡಬೇಕು, ಇಲ್ಲದಿದ್ದರೆ ಲೆಕ್ಕ ಕಲಸಿಹೋಗುತ್ತದೆ. ಮಂಟಪ ಕೂಡುವ ಕಡೆ ಕೆಲವು ಮೂಲೆ ಅಡಗಿವೆ, ಹಾಗಾಗಿ 24 ಸಿಗಲ್ಲ. ಅದನ್ನು ಮೊದಲೇ ಹೇಳಬೇಡಿ, ಅವರೇ ಕಂಡುಹಿಡಿಯಲಿ.