ಉತ್ತಮ ಬೋಧಕರನ್ನು ಆರಿಸುವ ಸಮಿತಿಗೊಂದು ಕೈಪಿಡಿ

ಸೆಪ್ಟೆಂಬರ್ 5ಕ್ಕೆ ಶಾಲು, ಹಾರ, ಹಣ್ಣಿನ ಬುಟ್ಟಿ ತರಿಸುವುದು ಅರ್ಧ ದಿನದ ಕೆಲಸ. ಅದನ್ನು ಯಾರಿಗೆ ಹೊದಿಸಬೇಕು ಎಂದು ತೀರ್ಮಾನಿಸಲು ಇಡೀ ಒಂದು ಸೆಮಿಸ್ಟರ್ ಬೇಕು. ಆಗಸ್ಟ್ ಕೊನೆಯ ವಾರ ಪ್ರಾಂಶುಪಾಲರ ಕೊಠಡಿಯಲ್ಲಿ ಕೂತು ಹೆಸರು ಹುಡುಕಿದರೆ ನಾಲಿಗೆಗೆ ಬರುವುದು ಮುಂದಿನ ವರ್ಷ ನಿವೃತ್ತರಾಗುವವರು, ಹೋದ ಸಲ ಬಿಟ್ಟುಹೋಯಿತೆಂದು ಮುನಿಸಿಕೊಂಡವರು, ಇಲ್ಲವೇ ಹೆಚ್ಚು ಪೇಪರ್ ಪ್ರಕಟಿಸಿದವರು. ಪೇಪರಿಗೆ ಬಡ್ತಿಯ ಲೆಕ್ಕದಲ್ಲೇ ಅಂಕವಿದೆ, ಇಲ್ಲಿ ಮತ್ತೆ ಎಣಿಸಬೇಡಿ.

ಕೆಲಸ ಜನವರಿಯಲ್ಲಿ, ಈವನ್ ಸೆಮಿಸ್ಟರಿನ ಹೊಸ್ತಿಲಲ್ಲೇ ಶುರುವಾಗಲಿ. ಐದು ಜನರ ಸಮಿತಿ ಸಾಕು: ಹಿಂದೆ ಪ್ರಶಸ್ತಿ ಪಡೆದ ಒಬ್ಬರು, ಬೇರೆ ಬೇರೆ ನಿಕಾಯಗಳ (ಕಲೆ, ವಿಜ್ಞಾನ, ವಾಣಿಜ್ಯ ಹೀಗೆ) ಇಬ್ಬರು, ಹೊರಗಿನ ಒಬ್ಬ ನಿವೃತ್ತ ಅಧ್ಯಾಪಕರು, ಓದು ಮುಗಿಸಿ ಮೂರ್ನಾಲ್ಕು ವರ್ಷವಾದ ಒಬ್ಬ ಹಳೆಯ ವಿದ್ಯಾರ್ಥಿ. ತಮ್ಮ ವಿಭಾಗದ ಹೆಸರು ಬಂದಾಗ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು. ಹೆಸರುಗಳು ಬರುವ ಮೊದಲೇ ಮಾನದಂಡ ಬರೆದು ನೋಟಿಸ್ ಬೋರ್ಡಿಗೆ ಹಾಕಿ. ಹೆಸರು ಬಂದ ಮೇಲೆ ಬರೆದ ಮಾನದಂಡ ಯಾರದೋ ಅಳತೆಗೆ ಹೊಲಿದ ಅಂಗಿಯಂತಿರುತ್ತದೆ. 100 ಅಂಕ ಹೀಗೆ ಹಂಚಬಹುದು: ತರಗತಿ ವೀಕ್ಷಣೆಗೆ 30, ಕೋರ್ಸ್ ಫೈಲಿಗೆ 25, ವಿದ್ಯಾರ್ಥಿಗಳ ಅಭಿಪ್ರಾಯಕ್ಕೆ 20, ಕಲಿಕೆಯ ಪುರಾವೆಗೆ 15, ಸಹೋದ್ಯೋಗಿಗಳಿಗೆ ಕೈಹಿಡಿದು ಕಲಿಸಿದ್ದಕ್ಕೆ 10.

ಅರ್ಜಿಯನ್ನು ಅವರವರೇ ಹಾಕಲಿ ಎಂದರೆ ಒಳ್ಳೆಯ ಮೇಷ್ಟ್ರುಗಳು ಹಾಕುವುದಿಲ್ಲ. ‘ನನ್ನ ಬಗ್ಗೆ ನಾನೇ ಬರ್ಕೊಳ್ಳೋದಾ?’ ಎಂದು ಸಂಕೋಚಪಡುತ್ತಾರೆ. ಇಬ್ಬರು ಸಹೋದ್ಯೋಗಿಗಳು ಅಥವಾ ಹತ್ತು ವಿದ್ಯಾರ್ಥಿಗಳು ಸಹಿ ಹಾಕಿ ಸೂಚಿಸಿದರೂ ನಡೆಯುತ್ತದೆ ಎಂದು ನಿಯಮ ಮಾಡಿ. ಅತಿಥಿ ಉಪನ್ಯಾಸಕರನ್ನು ಹೊರಗಿಡಬೇಡಿ. ಎಷ್ಟೋ ಕಾಲೇಜುಗಳಲ್ಲಿ ಮೊದಲ ವರ್ಷದ ಪಾಠದ ಬಹುಭಾಗ ನಡೆಯುವುದೇ ಅವರಿಂದ.

ಕೋರ್ಸ್ ಫೈಲು 12 ಪುಟ ದಾಟಕೂಡದು. ಮಿತಿ ಹಾಕದಿದ್ದರೆ ವೆಬಿನಾರ್ ಸರ್ಟಿಫಿಕೇಟುಗಳ ಕಟ್ಟೇ ಬರುತ್ತದೆ, ಪಾಠದ ಸುದ್ದಿ ಅದರಡಿಯಲ್ಲಿ ಹೂತುಹೋಗುತ್ತದೆ. ಕೇಳಬೇಕಾದ್ದು ಇಷ್ಟು: ಒಂದು ಲೆಸನ್ ಪ್ಲಾನ್ ಮತ್ತು ಅದನ್ನು ನಡುವೆ ಬದಲಿಸಿದ್ದರೆ ಯಾಕೆಂಬ ವಿವರಣೆ, ತಾವೇ ತೆಗೆದ ಒಂದು ಇಂಟರ್ನಲ್ಸ್ ಪ್ರಶ್ನೆಪತ್ರಿಕೆ, ವಿದ್ಯಾರ್ಥಿಯ ಹೆಸರು ಮುಚ್ಚಿದ ಮೂರು ತಿದ್ದಿದ ಉತ್ತರಪತ್ರಿಕೆಗಳು, ಹೆಚ್ಚು ಅಂಕದ್ದೊಂದು, ನಡುವಿನದೊಂದು, ಫೇಲಾದದ್ದೊಂದು. ಈ ಮೂರನೆಯದನ್ನು ಮೊದಲು ತೆಗೆದು ನೋಡಿ. ಬರೀ ಕೆಂಪು ಅಡ್ಡಗೆರೆ, ಮೇಲೊಂದು ಸೊನ್ನೆ ಇದೆಯೋ, ‘ಸೂತ್ರ ಸರಿ, ಯೂನಿಟ್ ತಪ್ಪು, ಇಲ್ಲಿಂದ ಮತ್ತೆ ಮಾಡು’ ಎಂದು ಅಂಚಿನಲ್ಲಿ ಬರೆದಿದೆಯೋ? ಒಬ್ಬ ಬೋಧಕರ ಬಗ್ಗೆ ಆ ಅಂಚು ಹೇಳುವಷ್ಟನ್ನು ಹತ್ತು ಶಿಫಾರಸು ಪತ್ರ ಹೇಳಲಾರವು.

ವಿದ್ಯಾರ್ಥಿಗಳ ಅಭಿಪ್ರಾಯದಲ್ಲಿ ಎಡವುವವರೇ ಹೆಚ್ಚು. ‘ಪಾಠ ಹೇಗಿತ್ತು?’ ಎಂದು ಕೇಳಿದರೆ ಮೇಷ್ಟ್ರು ಇಷ್ಟವೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ. ಅವರು ಕಣ್ಣಾರೆ ಕಂಡದ್ದನ್ನು ಕೇಳಿ: ತಿದ್ದಿದ ಪತ್ರಿಕೆ ಎಷ್ಟು ದಿನದಲ್ಲಿ ಕೈಗೆ ಬಂತು? ಅರ್ಥವಾಗಲಿಲ್ಲ ಎಂದಾಗ ಬೇರೆ ರೀತಿಯಲ್ಲಿ ಹೇಳಿದರೋ, ಅದನ್ನೇ ಮತ್ತೆ ಓದಿದರೋ? ಕನ್ನಡ ಮಾಧ್ಯಮದಿಂದ ಬಂದವರು ಕನ್ನಡದಲ್ಲಿ ಪ್ರಶ್ನೆ ಕೇಳಬಹುದಿತ್ತೇ? ಆರು ಪ್ರಶ್ನೆ ಮೀರಬೇಡಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಸಮೀಕ್ಷೆಗೂ ಇವರೇ ಫಾರ್ಮ್ ತುಂಬಿ ಸುಸ್ತಾಗಿರುತ್ತಾರೆ. ಫಾರ್ಮನ್ನು ಅಂಕ ಪ್ರಕಟವಾದ ದಿನ ಕೊಡುವುದು ಬೇಡ, ಆ ಬೋಧಕರೇ ಹಂಚುವುದಂತೂ ಬೇಡವೇ ಬೇಡ. ಫಾರ್ಮಿಗೆ ಮೊದಲು ಚಾಕೊಲೇಟ್ ಹಂಚಿದ ತರಗತಿಗಳಲ್ಲಿ ಬೋಧಕರಿಗೆ ಹೆಚ್ಚು ಅಂಕ ಬಂದದ್ದು 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ದಾಖಲಾಗಿದೆ.

ಸರಾಸರಿಯನ್ನು ನಂಬಿ ಕೂರಬೇಡಿ. 12 ಜನರ ತರಗತಿಯಲ್ಲಿ ಐದಕ್ಕೆ ಹತ್ತು ಮಂದಿ 5, ಇಬ್ಬರು 1 ಕೊಟ್ಟರೆ ಸರಾಸರಿ 4.33. ಎಂಟು ಮಂದಿ 4, ನಾಲ್ವರು 5 ಕೊಟ್ಟರೂ ಅದೇ 4.33. ಮೊದಲನೆಯದರಲ್ಲಿ ಇಬ್ಬರಿಗೆ ಏನೋ ಆಗಿದೆ, ಅದೇನೆಂದು ವಿಚಾರಿಸಬೇಕು. ಹಾಗಾಗಿ ಯಾವ ಅಂಕವನ್ನು ಎಷ್ಟು ಜನ ಕೊಟ್ಟರೆಂಬ ಪಟ್ಟಿಯೇ ಸಮಿತಿಯ ಮುಂದೆ ಬರಲಿ. ಹೆಣ್ಣು-ಗಂಡೆಂಬ ಭೇದವೂ ಅಂಕದೊಳಗೆ ನುಸುಳುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆನ್‌ಲೈನ್ ತರಗತಿಯ ಬೋಧಕರ ಹೆಸರುಗಳನ್ನು ಅದಲುಬದಲು ಮಾಡಿದ್ದರು. ಕಲಿಸಿದ್ದು ಯಾರೇ ಆಗಿರಲಿ, ಗಂಡಸಿನ ಹೆಸರಿಗೆ ಹೆಚ್ಚು ಅಂಕ ಬಂತು. ಪ್ರಯೋಗ ಚಿಕ್ಕದು, ಎಚ್ಚರಿಕೆ ಚಿಕ್ಕದಲ್ಲ.

ರಾಧಾಕೃಷ್ಣನ್ 1921ರಲ್ಲಿ ಮೈಸೂರು ಬಿಟ್ಟು ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳೇ ಸಾರೋಟು ಎಳೆದ ಕಥೆಯನ್ನು ವರ್ಷಕ್ಕೊಮ್ಮೆಯಾದರೂ ಕೇಳುತ್ತೇವೆ. ಸಮಿತಿಗೆ ಆ ಪ್ರೀತಿಯೊಂದೇ ಸಾಲದು, ಎಳೆದವರು ಕಲಿತದ್ದೇನು ಎಂಬುದೂ ಬೇಕು. ಅಮೆರಿಕದ ವಾಯುಪಡೆ ಅಕಾಡೆಮಿಯ ಮಾಹಿತಿ ಇಟ್ಟುಕೊಂಡು 2010ರಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿ ಕಣ್ಣು ತೆರೆಸುತ್ತದೆ. ಅಲ್ಲಿ ವಿದ್ಯಾರ್ಥಿಗಳನ್ನು ಸೆಕ್ಷನ್‌ಗಳಿಗೆ ಹಂಚುವುದು ಚೀಟಿ ಎತ್ತಿದ ಹಾಗೆ, ಪರೀಕ್ಷೆ ಎಲ್ಲರಿಗೂ ಒಂದೇ. ಅನುಭವ ಕಡಿಮೆಯಿದ್ದ ಬೋಧಕರ ವಿದ್ಯಾರ್ಥಿಗಳು ಆ ಕೋರ್ಸಿನಲ್ಲಿ ಚೆನ್ನಾಗಿ ಮಾಡಿದರು, ಬೋಧಕರಿಗೂ ಒಳ್ಳೆಯ ಅಂಕ ಕೊಟ್ಟರು. ಮುಂದಿನ ಹಂತದ ಕೋರ್ಸಿನಲ್ಲಿ ಮೇಲುಗೈಯಾದದ್ದು ಅನುಭವಿಗಳ ಬಳಿ ಕಲಿತವರದ್ದು.

ಆದ್ದರಿಂದ ‘ನನ್ನ ಸಬ್ಜೆಕ್ಟಿನಲ್ಲಿ 98 ಪರ್ಸೆಂಟ್ ಪಾಸ್’ ಎಂಬುದನ್ನು ಹಾಗೇ ಎಣಿಸಬೇಡಿ. ಜಾಣರನ್ನೆಲ್ಲ ತುಂಬಿದ ಎ ಸೆಕ್ಷನ್ ಯಾರ ಕೈಗೆ ಕೊಟ್ಟರೂ ಪಾಸಾಗುತ್ತದೆ. ಅದೇ ವಿದ್ಯಾರ್ಥಿಗಳು ಆ ಸೆಮಿಸ್ಟರಿನ ಉಳಿದ ವಿಷಯಗಳಲ್ಲಿ ಎಷ್ಟು ತೆಗೆದರು, ಇದನ್ನೇ ಆಧರಿಸಿದ ಮುಂದಿನ ಕೋರ್ಸಿನಲ್ಲಿ ಎಷ್ಟು ತೆಗೆದರು, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ಇನ್ನು ತರಗತಿ ವೀಕ್ಷಣೆ. ಎರಡು ಸಲ ಹೋಗಿ, ಒಮ್ಮೆ ದಿನ ತಿಳಿಸಿ, ಇನ್ನೊಮ್ಮೆ ವಾರವನ್ನಷ್ಟೇ ತಿಳಿಸಿ. ಇಬ್ಬರು ಹೋಗಲಿ, ಒಬ್ಬರಾದರೂ ಆ ವಿಷಯ ಬಲ್ಲವರಿರಲಿ. ಹಿಂದಿನ ಬೆಂಚಿನಲ್ಲಿ ಕೂತು ಗಡಿಯಾರ ನೋಡಿಕೊಂಡು ಕಂಡದ್ದನ್ನಷ್ಟೇ ಬರೆಯಬೇಕು. ಅರ್ಥಶಾಸ್ತ್ರದ ತರಗತಿಯಾದರೆ ಹಾಳೆ ಹೀಗಿದ್ದೀತು:

10:12 — ಟೊಮ್ಯಾಟೊ ಕಿಲೋಗೆ 20ರಿಂದ 30 ರೂಪಾಯಿ ಆಯಿತು, ಕೊಳ್ಳುವುದು 10 ಕಿಲೋದಿಂದ 8ಕ್ಕಿಳಿಯಿತು. ಸ್ಥಿತಿಸ್ಥಾಪಕತ್ವ (ಬೆಲೆ ಬದಲಾದ ಪರ್ಸೆಂಟಿಗೆ ಹೋಲಿಸಿದರೆ ಬೇಡಿಕೆ ಬದಲಾದ ಪರ್ಸೆಂಟ್) ಎಷ್ಟು ಎಂದು ಕೇಳಿದರು.
10:13 — ಯಾರೂ ಮಾತಾಡಲಿಲ್ಲ. ಅರ್ಧ ನಿಮಿಷ ಸುಮ್ಮನೆ ಕಾದರು.
10:14 — ಒಬ್ಬಳು ‘ಎರಡು’ ಅಂದಳು. ‘ಎರಡು ಏನಮ್ಮಾ, ಕಿಲೋನಾ ಪರ್ಸೆಂಟಾ?’
10:16 — ಬೆಲೆ 50 ಪರ್ಸೆಂಟ್ ಏರಿಕೆ, ಬೇಡಿಕೆ 20 ಪರ್ಸೆಂಟ್ ಇಳಿಕೆ, 0.4 ಎಂದು ಅವಳೇ ಬೋರ್ಡಿನ ಮೇಲೆ ಮಾಡಿದಳು.

‘ಉತ್ತಮ ಧ್ವನಿ, ಆಕರ್ಷಕ ಶೈಲಿ’ ಎಂದು ಬರೆದು ತಂದ ಹಾಳೆಯನ್ನು ವಾಪಸ್ ಕಳಿಸಿ. ಅಂಕವನ್ನು ಇಬ್ಬರೂ ಬೇರೆ ಬೇರೆಯಾಗಿ ಹಾಕಲಿ. 30ರಲ್ಲಿ 6ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯವರು ಹೋಗಿ ನೋಡಬೇಕು.

ಜೂನ್‌ನಲ್ಲಿ ಫೈಲು ಓದಿ ಜುಲೈಯಲ್ಲಿ ತೀರ್ಮಾನಿಸಿ. ಬಿನ್ನವತ್ತಳೆಯಲ್ಲಿ ‘ಶಿಸ್ತಿನ ಸಿಪಾಯಿ, ಜ್ಞಾನದ ಗಣಿ’ ಬೇಡ. ‘ಪ್ರತಿ ಇಂಟರ್ನಲ್ಸ್ ಪತ್ರಿಕೆಯನ್ನು ಏಳು ದಿನದಲ್ಲಿ ತಿದ್ದಿ, ಫೇಲಾದವರನ್ನು ಕೂರಿಸಿಕೊಂಡು ಮತ್ತೆ ಬರೆಸಿದವರು’ ಎಂದಿದ್ದರೆ ಕೇಳುವ ಕಿರಿಯರಿಗೂ ಮಾಡಬಹುದಾದ ಕೆಲಸವೊಂದು ಸಿಗುತ್ತದೆ. ನೆನಪಿನ ಕಾಣಿಕೆಯ ಖರ್ಚು ಕಡಿಮೆ ಮಾಡಿ, ಸಮಯ ಕೊಡಿ: ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಲೆಕ್ಕದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠವಿರುತ್ತದೆ, ನಿಯಮ ಒಪ್ಪುವಲ್ಲಿ ಒಂದು ಸೆಮಿಸ್ಟರ್ 2 ಗಂಟೆ ಇಳಿಸಿದರೆ ಅದೇ ದೊಡ್ಡ ಬಹುಮಾನ. ಫೈಲನ್ನು ಜೋಪಾನವಾಗಿಡಿ. 2023ರಿಂದ ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿಯಲ್ಲಿ ಉನ್ನತ ಶಿಕ್ಷಣದ ಬೋಧಕರನ್ನೂ ಸೇರಿಸಿಕೊಂಡಿದ್ದಾರೆ, ಅರ್ಜಿ ಹಾಕುವಾಗ ಈ ಕಾಗದಗಳೇ ಕೈಗೆ ಬರುತ್ತವೆ.

ಆಯ್ಕೆಯಾಗದವರಿಗೆ ವೀಕ್ಷಣೆಯ ಹಾಳೆಯ ಪ್ರತಿ ಮತ್ತು ಎರಡು ಸಾಲಿನ ಕಾರಣ ಹದಿನೈದು ದಿನದೊಳಗೆ ತಲುಪಲಿ. ಆಯ್ಕೆಯಾದವರ ನಾಲ್ಕು ತರಗತಿಗಳನ್ನು ಅಕ್ಟೋಬರ್‌ನಲ್ಲಿ ಉಳಿದ ಅಧ್ಯಾಪಕರಿಗೆ ತೆರೆದಿಡಿ. ಒಂದು ಸಲಕ್ಕೆ ಮೂವರು ಮಾತ್ರ, ಹಿಂದಿನ ಬೆಂಚು, ಮೊಬೈಲ್ ಜೇಬಿನಲ್ಲಿ.