ಫಲದ ಚಿಂತೆ ಬಿಡುವುದು ಹೇಗೆ?

ಇಂಟರ್‌ವ್ಯೂ ಮುಗಿಸಿ ಬಂದು ನಾಲ್ಕು ದಿನ ಆಗಿದೆ, ಫೋನ್ ಬಂದಿಲ್ಲ. ಅಂಥ ಹೊತ್ತಿನಲ್ಲಿ ಯಾರಾದರೂ "ಫಲದ ಚಿಂತೆ ಬಿಡಪ್ಪಾ" ಅಂದರೆ ಸಿಟ್ಟೇ ಬರುತ್ತದೆ. ಬಿಡುವುದು ಹೇಗೆ ಅಂತ ಅವರು ಹೇಳುವುದಿಲ್ಲವಲ್ಲ!

ದಾರಿ ಗೀತೆಯಲ್ಲೇ ಇದೆ. ಆದರೆ ನಾವು "ಕರ್ಮಣ್ಯೇವಾಧಿಕಾರಸ್ತೇ" ಶ್ಲೋಕವನ್ನು (2ನೇ ಅಧ್ಯಾಯ, 47) "ಕೆಲಸವಷ್ಟೇ ನಿನ್ನದು, ಫಲ ನಿನ್ನದಲ್ಲ" ಅನ್ನುವಲ್ಲಿಗೆ, ಅರ್ಧಕ್ಕೇ ನಿಲ್ಲಿಸಿಬಿಡುತ್ತೇವೆ. ಅದರ ಕೊನೆಯ ಮಾತು, ಸುಮ್ನೆ ಕೂರುವುದಕ್ಕೂ ಅಂಟಿಕೊಳ್ಳಬೇಡ ಅಂತ. ಹಾಗಾಗಿ "ಆದದ್ದಾಗಲಿ" ಅಂತ ಓದದೆ ಹೋಗುವುದು ನಿಷ್ಕಾಮ ಕರ್ಮ (ಫಲದ ಆಸೆಯಿಲ್ಲದೆ ಮಾಡುವ ಕೆಲಸ) ಅಲ್ಲ, ಅದು ಸೋಮಾರಿತನ. ಗುರಿ ಇರಬಾರದು ಅಂತಲೂ ಅಲ್ಲ. ಅರ್ಜುನ ಬಾಣ ಬಿಟ್ಟದ್ದು ಗುರಿ ನೋಡಿಯೇ ಅಲ್ವಾ?

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು 18ನೇ ಅಧ್ಯಾಯದ 14ನೇ ಶ್ಲೋಕ. ಯಾವ ಕೆಲಸ ಆಗುವುದಕ್ಕೂ ಐದು ಕಾರಣ ಬೇಕು ಅನ್ನುತ್ತದೆ ಅದು: ಕೆಲಸಕ್ಕೆ ಆಧಾರವಾದ ದೇಹ, ಮಾಡುವವನು, ಸಾಧನಗಳು, ಬಗೆಬಗೆಯ ಪ್ರಯತ್ನ, ಐದನೆಯದು ದೈವ. ಒಂದು ಹಾಳೆ ತೆಗೆದುಕೊಂಡು ನಿಮ್ಮ ಇಂಟರ್‌ವ್ಯೂವನ್ನು ಹೀಗೆ ಬಿಡಿಸಿ ಬರೆಯಿರಿ. ಓದಿದ್ದು, ನಿದ್ದೆ ಮಾಡಿ ಹೋದದ್ದು, ಹೊತ್ತಿಗೆ ಮುಂಚೆ ತಲುಪಿದ್ದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದದ್ದು, ಇವೆಲ್ಲ ನಿಮ್ಮ ಕೈಯಲ್ಲಿತ್ತು. ಎದುರಿಗೆ ಕೂತವರ ಮನಸ್ಸು, ನಿಮಗಿಂತ ಚೆನ್ನಾಗಿ ಬಲ್ಲ ಇನ್ನೊಬ್ಬರು ಬಂದದ್ದು, ಕಂಪನಿಯ ಹಣಕಾಸು, ಇವು ಐದನೆಯದರ ಪಾಲು. ನಿಮ್ಮ ಪಾಲಿನಲ್ಲಿ ಕೊರತೆ ಕಂಡರೆ ಅದನ್ನು ತಿದ್ದಿಕೊಳ್ಳಿ. ಉಳಿದ ಭಾಗದ ಬಗ್ಗೆ ರಾತ್ರಿಯೆಲ್ಲ ಹೊರಳಾಡಿದರೆ ಮಾರನೇ ದಿನ ಮಾಡಬೇಕಾದ ಕೆಲಸವೂ ಕೆಡುತ್ತದೆ, ನಾನು ಎಷ್ಟೋ ಸಲ ಹಾಗೆ ಕೆಡಿಸಿಕೊಂಡಿದ್ದೇನೆ.

ಹಾಳೆ ಬರೆದರೂ ಮನಸ್ಸು ಬಿಡದಿದ್ದರೆ? ನಮ್ಮ ಮನೆಗಳಲ್ಲಿ ಪೂಜೆ ಮುಗಿದ ಮೇಲೆ "ಕೃಷ್ಣಾರ್ಪಣಮಸ್ತು", ಅಂದರೆ ಇದು ಕೃಷ್ಣನಿಗೆ ಅರ್ಪಿತವಾಗಲಿ, ಅಂತ ನೀರು ಬಿಡುತ್ತಾರೆ. ಅದನ್ನು ಪೂಜೆಗಷ್ಟೇ ಇಟ್ಟುಕೊಳ್ಳಬೇಡಿ. ಮೇಲ್ ಕಳಿಸಿದ ಮೇಲೆ, ಅಡುಗೆ ಇಳಿಸಿದ ಮೇಲೆ ಒಂದು ಉಸಿರು ನಿಂತು ಮನಸ್ಸಿನಲ್ಲೇ ಹೇಳಿ. ಮೊದಮೊದಲು ಬರೀ ಬಾಯಿಮಾತು ಅನ್ನಿಸುತ್ತದೆ, ಪರವಾಗಿಲ್ಲ. ದೊಡ್ಡ ವಿಷಯದಿಂದ ಶುರು ಮಾಡಬೇಡಿ ಅಷ್ಟೇ. ಮಗಳ ಮದುವೆ, ಆಸ್ಪತ್ರೆಯ ರಿಪೋರ್ಟು ಇಂಥವುಗಳಲ್ಲಿ ಮನಸ್ಸು ಒಂದೇ ದಿನಕ್ಕೆ ಹಗುರಾಗುವುದಿಲ್ಲ.

ಸಂಬಳ ಕೇಳಬಾರದಾ ಅಂತ ಕೆಲವರು ಕೇಳುತ್ತಾರೆ. ಕೇಳಿ. ಇಲ್ಲಿ ನನಗೆ ನೆನಪಾಗುವುದು 12ನೇ ಶತಮಾನದ ಕಲ್ಯಾಣದ ಶರಣೆ ಆಯ್ದಕ್ಕಿ ಲಕ್ಕಮ್ಮ. ಚೆಲ್ಲಿದ ಅಕ್ಕಿಯನ್ನು ಗಂಡ ಮಾರಯ್ಯ ಆಯ್ದು ತರುತ್ತಿದ್ದ, ಅದರಲ್ಲೇ ದಾಸೋಹ ನಡೆಯುತ್ತಿತ್ತು. ಒಂದು ದಿನ ದಿನಕ್ಕಿಂತ ಜಾಸ್ತಿ ತಂದಾಗ, ಹೆಚ್ಚಿದ್ದನ್ನು ಅಲ್ಲೇ ಸುರಿದು ಬಾ ಅಂದಳಂತೆ. ಬಡತನದಲ್ಲಿ ಹಾಗೆ ಹೇಳಲು ಎಂಥ ಗಟ್ಟಿ ಮನಸ್ಸು ಬೇಕು! ಅಂದಿನ ಪಾಲಿನ ಅಕ್ಕಿಯನ್ನು ಅವಳು ಬೇಡ ಅನ್ನಲಿಲ್ಲ, ನೋಡಿ.

ಕೊನೆಗೆ ಫೋನ್ ಬರುತ್ತದೆ, ಅಥವಾ ಬರುವುದೇ ಇಲ್ಲ. ಬೇಜಾರಾದರೆ ಆಗಲಿ, ಅದನ್ನು ಒತ್ತಿ ಹಿಡಿಯಬೇಡಿ. ಆ ಹಾಳೆಯನ್ನು ಇನ್ನೊಮ್ಮೆ ತೆಗೆದು ನಿಮ್ಮ ಪಾಲಿನಲ್ಲಿ ಏನು ಬರೆದಿದ್ದಿರೋ ಅದನ್ನಷ್ಟೇ ಓದಿ, ಮುಂದಿನ ಅರ್ಜಿ ಹಾಕಿ.